ಪುನಃ ಪುನಃ ಹೆಸರು ಕೇಳುವವರು

ಹೃದಯದ ಕವಾಟ ಬದಲಾಯಿಸಿಕೊಂಡವರಿಗೆ ಆಪರೇಷನ್ ಎಂಬುದು ಕೆಲವು ಗಂಟೆಗಳ ಮಾತು. ರಿವ್ಯೂ, ಎಂದರೆ ಆಮೇಲೆ ಪುನಃ ಪುನಃ ಬಂದು ತೋರಿಸುವುದು, ಬದುಕಿಡೀ ಇರುವಂಥದ್ದು. ಲೋಹದ ಕವಾಟ ಕೂತ ಮೇಲೆ ಅದರ ಮೇಲೆ ರಕ್ತ ಹೆಪ್ಪುಗಟ್ಟದಂತೆ ದಿನಾ ಮಾತ್ರೆ ನುಂಗಬೇಕು. ಆ ಮಾತ್ರೆ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ತಿಂಗಳಿಗೊಮ್ಮೆಯಾದರೂ ರಕ್ತ ಕೊಟ್ಟು ನೋಡಬೇಕು. ಬೈಂದೂರಿನಿಂದ, ಕಾರ್ಕಳದಿಂದ, ಬೆಳ್ತಂಗಡಿಯಿಂದ, ಆಚೆ ಕಾಸರಗೋಡಿನಿಂದ ಬೆಳಗ್ಗಿನ ಬಸ್ಸು ಹಿಡಿದು ಮಂಗಳೂರಿಗೋ ಮಣಿಪಾಲಕ್ಕೋ ಬರುವವರಲ್ಲಿ ಇಂಥವರೂ ಇರುತ್ತಾರೆ. ಕಂಕುಳಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ದಪ್ಪಗಾದ ಫೈಲು, ಫೈಲಿನೊಳಗೆ ಮಾತ್ರೆಯ ಲೆಕ್ಕ ಬರೆದಿಡುವ ಒಂದು ಸಣ್ಣ ಪುಸ್ತಕ.

ಅಂಥ ದಿನದಲ್ಲಿ ಡಾಕ್ಟರ ಎದುರು ಕೂರುವುದು ಐದೋ ಹತ್ತೋ ನಿಮಿಷ. ಉಳಿದ ಹೊತ್ತೆಲ್ಲ ರಕ್ತ ತೆಗೆಯುವವರ, ಸಿಸ್ಟರುಗಳ, ಲ್ಯಾಬಿನವರ, ಔಷಧಿ ಕೌಂಟರಿನವರ ಕೈಯಲ್ಲಿ. ಉಪಕಾರ ನೆನೆಯುವಾಗ ಡಾಕ್ಟರ ಹೆಸರು ಮೊದಲು ಬರುತ್ತದೆ, ಬರಲಿ. ಆದರೆ ರಿವ್ಯೂ ದಿನ ನಮಗೆ ಕಿರಿಕಿರಿ ಎನಿಸುವ ಕೆಲವು ಸಂಗತಿಗಳುಂಟು: ಹೆಸರನ್ನು ಮೂರು ಸಲ ಕೇಳುವುದು, ಎರಡನೇ ಸಲ ಚುಚ್ಚುವುದು, ಬಿ.ಪಿ. ನೋಡುವ ಮೊದಲು ಸುಮ್ಮನೆ ಕೂರಿಸುವುದು, ತಾವು ಹೇಳಿದ್ದನ್ನು ನಮ್ಮ ಬಾಯಲ್ಲಿ ವಾಪಸು ಹೇಳಿಸುವುದು. ರೋಗಿಯ ಜೀವ ಕಾಯುವುದು ಬಹುಮಟ್ಟಿಗೆ ಇವೇ. ನನ್ನ ಮಟ್ಟಿಗೆ, ಆಸ್ಪತ್ರೆ ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ಕಟ್ಟಡ ನೋಡಬೇಕಿಲ್ಲ, ರಕ್ತ ತೆಗೆಯುವ ಕುರ್ಚಿಯ ಪಕ್ಕ ಹತ್ತು ನಿಮಿಷ ನಿಂತರೆ ಸಾಕು.

ಕವಾಟ ಹಾಳಾಗುವುದಕ್ಕೆ ನಮ್ಮ ದೇಶದಲ್ಲಿ ದೊಡ್ಡ ಕಾರಣ ಬಾಲ್ಯದ ಗಂಟಲು ನೋವು. ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಬಂದ ಗಂಟಲು ನೋವಿಗೆ ಸರಿಯಾದ ಔಷಧಿ ಆಗದಿದ್ದರೆ ಕೆಲವು ಮಕ್ಕಳಿಗೆ ರುಮ್ಯಾಟಿಕ್ ಜ್ವರ ಬರುತ್ತದೆ. ಆ ಜ್ವರದ ಜತೆ ಬರುವ ಗಂಟು ನೋವು ವಾಸಿಯಾಗಿ ಹೋಗುತ್ತದೆ, ಕವಾಟದ ಮೇಲಿನ ಗಾಯ ಉಳಿಯುತ್ತದೆ. ಇಪ್ಪತ್ತು ಮೂವತ್ತು ವರ್ಷ ಕಳೆದು, ಗುಡ್ಡ ಹತ್ತುವಾಗ ಏದುಸಿರು ಬಂದಾಗಲೇ ಅದು ಗೊತ್ತಾಗುವುದು. ಆಗ ಕವಾಟ ಬದಲಿಸಬೇಕಾಗುತ್ತದೆ. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆ ನಮ್ಮಲ್ಲೇ ರೂಪಿಸಿದ ಲೋಹದ ಕವಾಟವನ್ನು ರೋಗಿಗೆ ಮೊದಲು ಅಳವಡಿಸಿದ್ದು 1990ರಲ್ಲಿ. ಹೊರದೇಶದ ಕವಾಟಗಳೂ ಬಳಕೆಯಲ್ಲಿವೆ. ಯಾವುದೇ ಇರಲಿ, ಲೋಹದ್ದಾದರೆ ರಕ್ತ ತೆಳು ಮಾಡುವ ಮಾತ್ರೆ ಬದುಕಿಡೀ. ಪ್ರಾಣಿಯ ಅಂಗಾಂಶದಿಂದ ಮಾಡಿದ ಕವಾಟಕ್ಕೆ ಆ ಕಟ್ಟು ಅಷ್ಟಿಲ್ಲ, ಆದರೆ ಅದು ವರ್ಷಗಳು ಕಳೆದಂತೆ ಸವೆಯುತ್ತದೆ. ಅದಕ್ಕೇ ಪ್ರಾಯದವರಿಗೆ ಸಾಮಾನ್ಯವಾಗಿ ಲೋಹದ್ದು.

ಮಾತ್ರೆ ವಾರ್ಫರಿನ್ ಇರಬಹುದು, ಅಸಿನೊಕೌಮರಾಲ್ ಇರಬಹುದು. ಅಸಿಟ್ರೋಮ್ ಎಂಬ ಹೆಸರಲ್ಲಿ ನಮ್ಮ ಮೆಡಿಕಲ್‌ಗಳಲ್ಲಿ ಸಿಗುವುದು ಎರಡನೆಯದು. ಹೆಪ್ಪುಗಟ್ಟಲು ಬೇಕಾದ ಕೆಲವು ಅಂಶಗಳನ್ನು ಯಕೃತ್ತು ತಯಾರಿಸುವುದಕ್ಕೆ ವಿಟಮಿನ್ ಕೆ ಬೇಕು, ಈ ಮಾತ್ರೆಗಳು ಆ ದಾರಿಗೆ ಅಡ್ಡ ನಿಲ್ಲುತ್ತವೆ. ವಾರ್ಫರಿನ್ 1948ರಲ್ಲಿ ಇಲಿ ಕೊಲ್ಲುವ ಮದ್ದಾಗಿ ಮಾರುಕಟ್ಟೆಗೆ ಬಂತು, 1954ರಲ್ಲಿ ಅಮೆರಿಕದಲ್ಲಿ ಮನುಷ್ಯರ ಔಷಧಿಯಾಗಿ ಒಪ್ಪಿಗೆ ಪಡೆಯಿತು. ಈ ಸಂಗತಿಯ ಮೊದಲ ಅರ್ಧ ಮಾತ್ರ ವಾಟ್ಸಾಪಿನಲ್ಲಿ ಓಡಾಡುತ್ತದೆ. ಅದನ್ನು ಓದಿ ಹೆದರಿ ಮಾತ್ರೆ ಬಿಟ್ಟವರು ಸೀದಾ ಐ.ಸಿ.ಯು.ಗೆ ಬರುವ ಪರಿಸ್ಥಿತಿ ಉಂಟಾಗುತ್ತದೆ. ಔಷಧಿಗೂ ವಿಷಕ್ಕೂ ನಡುವೆ ಇರುವುದು ಪ್ರಮಾಣ, ಆ ಪ್ರಮಾಣ ನೋಡುವುದಕ್ಕೇ ರಿವ್ಯೂ.

ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆಂದು ತೋರಿಸುವ ಸಂಖ್ಯೆಗೆ ಐ.ಎನ್.ಆರ್. ಎನ್ನುತ್ತಾರೆ. ಮಾತ್ರೆ ತಿನ್ನದವರಲ್ಲಿ ಅದು ಸುಮಾರು 1. ಮಹಾಪಧಮನಿಯ ಬಾಯಲ್ಲಿ ಲೋಹದ ಕವಾಟ ಇದ್ದವರಿಗೆ ಸಾಮಾನ್ಯವಾಗಿ 2ರಿಂದ 3, ಹೃದಯದ ಎಡಬದಿಯ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟದವರಿಗೆ 2.5ರಿಂದ 3.5. ಡಾಕ್ಟರು ಒಬ್ಬೊಬ್ಬರಿಗೆ ಒಂದೊಂದು ಗುರಿ ಬರೆದುಕೊಡುತ್ತಾರೆ, ಅದು ಪುಸ್ತಕದ ಮೊದಲ ಪುಟದಲ್ಲಿರಬೇಕು. ಕಡಿಮೆಯಾದರೆ ಕವಾಟ ಹೆಪ್ಪಿನಿಂದ ಸಿಕ್ಕಿಕೊಳ್ಳಬಹುದು, ಹೆಪ್ಪಿನ ತುಣುಕು ಮಿದುಳಿಗೆ ಹೋಗಿ ಪಾರ್ಶ್ವವಾಯು ಆಗಬಹುದು. ಹೆಚ್ಚಾದರೆ ರಕ್ತಸ್ರಾವ. ಮೊದಲೆಲ್ಲ ಒಂದೊಂದು ಲ್ಯಾಬಿನ ರಾಸಾಯನಿಕ ಒಂದೊಂದು ಉತ್ತರ ಕೊಡುತ್ತಿತ್ತು. ಆ ವ್ಯತ್ಯಾಸ ಸರಿದೂಗಿಸಲು ವಿಶ್ವ ಆರೋಗ್ಯ ಸಂಸ್ಥೆ 1980ರ ದಶಕದ ಮೊದಲಲ್ಲಿ ಈ ಅಳತೆಯನ್ನು ತಂದಿತು. ಹಾಗಾಗಿ ಕುಂದಾಪುರದ 2.8 ಮಂಗಳೂರಿನಲ್ಲೂ 2.8ರ ಆಸುಪಾಸಿನಲ್ಲಿರಬೇಕು. ಹಾಗಿದ್ದರೂ ಒಂದೇ ಲ್ಯಾಬಿಗೆ ಹೋಗುವುದು ಒಳ್ಳೆಯದು. ಸಣ್ಣ ಏರಿಳಿತ ಮಾತ್ರೆಯದ್ದೋ ಲ್ಯಾಬಿನದ್ದೋ ಎಂಬ ಸಂಶಯ ಉಳಿಯುವುದಿಲ್ಲ.

ಐ.ಎನ್.ಆರ್.ಗೆ ಖಾಲಿ ಹೊಟ್ಟೆ ಬೇಕಾಗಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಶುಗರ್ ಅಥವಾ ಕೊಲೆಸ್ಟರಾಲ್ ಪರೀಕ್ಷೆಯನ್ನೂ ಅದೇ ದಿನ ಬರೆದಿದ್ದರೆ ಮಾತ್ರ ಉಪವಾಸ, ಅದನ್ನು ಹಿಂದಿನ ಸಲದ ಚೀಟಿಯಲ್ಲೇ ಬರೆಸಿಕೊಳ್ಳಬೇಕು. ಎಪ್ಪತ್ತು ದಾಟಿದ ಅಜ್ಜಿ ಒಂದು ಗುಟುಕು ಚಾ ಕೂಡ ಕುಡಿಯದೆ ಎರಡು ಗಂಟೆ ಬಸ್ಸಿನಲ್ಲಿ ಬಂದು, ರಕ್ತ ಕೊಡುವಾಗ ತಲೆ ತಿರುಗಿ ಬೀಳುವುದು ಬೇಡದ ಶಿಕ್ಷೆ.

ರಕ್ತ ತೆಗೆಯುವ ಕುರ್ಚಿಗೆ ಬರೋಣ. ಕೂತ ಕೂಡಲೇ ಮೊದಲ ಪ್ರಶ್ನೆ ಹೆಸರು. ಚೀಟಿಯಲ್ಲಿ ಬರೆದಿದೆಯಲ್ಲ, ಕೌಂಟರಿನಲ್ಲಿ ಕೇಳಿದರಲ್ಲ, ಪುನಃ ಯಾಕೆ? ಕೇಳುವ ರೀತಿಯನ್ನು ಗಮನಿಸಿದರೆ ಉತ್ತರ ಸಿಗುತ್ತದೆ. ತರಬೇತಾದವರು ‘ನೀವು ಲೀಲಾ ಅಲ್ವಾ’ ಎಂದು ಕೇಳುವುದಿಲ್ಲ, ‘ನಿಮ್ಮ ಹೆಸರು ಹೇಳಿ ಅಮ್ಮ’ ಎನ್ನುತ್ತಾರೆ. ಕಿವಿ ಮಂದವಾದವರು, ಗಡಿಬಿಡಿಯಲ್ಲಿರುವವರು, ಮರ್ಯಾದೆಗೆ ಹೂಂ ಎನ್ನುವವರು ಮೊದಲನೇ ಪ್ರಶ್ನೆಗೆ ತಲೆ ಆಡಿಸಿಬಿಡುತ್ತಾರೆ. ಎರಡನೆಯದಕ್ಕೆ ಹೆಸರು ಬಾಯಿಂದಲೇ ಬರಬೇಕು. ನಮ್ಮ ಕರಾವಳಿಯಲ್ಲಿ ಲೀಲಾ ಶೆಟ್ಟಿ, ಸುಂದರ ಪೂಜಾರಿ, ಮೇರಿ ಡಿಸೋಜ ಎಂಬ ಹೆಸರಿನವರು ಒಂದೇ ಬೆಳಿಗ್ಗೆ ಇಬ್ಬಿಬ್ಬರು ಬರುವುದು ಹೊಸತಲ್ಲ. ಅದಕ್ಕಾಗಿ ಹೆಸರಿನ ಜತೆ ಇನ್ನೊಂದು ಗುರುತು ಬೇಕು: ಆಸ್ಪತ್ರೆ ನಂಬರು, ಇಲ್ಲವೇ ಹುಟ್ಟಿದ ದಿನ. ಟೋಕನ್ ನಂಬರು ಗುರುತಲ್ಲ, ಕುರ್ಚಿ ನಂಬರು ಅಂತೂ ಅಲ್ಲವೇ ಅಲ್ಲ. ಒಬ್ಬ ಲೀಲಾರ 1.4 ಇನ್ನೊಬ್ಬ ಲೀಲಾರ ಫೈಲಿಗೆ ಹೋದರೆ ಆಗುವುದೇನು? ಒಬ್ಬರಿಗೆ ಬೇಡದಿದ್ದರೂ ಮಾತ್ರೆ ಹೆಚ್ಚುತ್ತದೆ, ಇನ್ನೊಬ್ಬರಿಗೆ ಹೆಚ್ಚಬೇಕಾದದ್ದು ಹೆಚ್ಚುವುದಿಲ್ಲ. ಒಂದು ತಪ್ಪಿಗೆ ಎರಡು ಮನೆ.

ರಕ್ತ ತೆಗೆದ ಮೇಲೆ ಟ್ಯೂಬಿಗೆ ಲೇಬಲ್ ಅಂಟಿಸುವುದು ರೋಗಿ ಕುರ್ಚಿಯಲ್ಲಿ ಇರುವಾಗಲೇ. ಐದಾರು ಖಾಲಿ ಟ್ಯೂಬಿಗೆ ಮೊದಲೇ ಲೇಬಲ್ ಅಂಟಿಸಿಟ್ಟುಕೊಂಡರೆ ಕೆಲಸ ಬೇಗ ಆಗುತ್ತದೆ, ತಪ್ಪೂ ಅಷ್ಟೇ ಬೇಗ. ‘ಇದು ನಿಮ್ಮದೇ ಹೆಸರಾ, ಓದಿ ನೋಡಿ’ ಎಂದು ಟ್ಯೂಬು ತೋರಿಸುವವರು ಸಿಕ್ಕಿದರೆ ದಯವಿಟ್ಟು ಓದಿ ನೋಡಿ, ಕೈ ಬೀಸಿ ಏಳಬೇಡಿ.

ಐ.ಎನ್.ಆರ್. ತೆಗೆಯುವ ಟ್ಯೂಬಿನ ಮುಚ್ಚಳ ನೀಲಿ. ಒಳಗೆ ತಳದಲ್ಲಿ ಸ್ವಲ್ಪ ದ್ರವ ಮೊದಲೇ ಇರುತ್ತದೆ. ಅದು 3.2 ಶೇಕಡಾ ಸೋಡಿಯಂ ಸಿಟ್ರೇಟ್, ರಕ್ತ ಟ್ಯೂಬಿನಲ್ಲೇ ಹೆಪ್ಪುಗಟ್ಟದಂತೆ ತಡೆಯಲು. ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ಎಂಬುದು ಲೆಕ್ಕ: 0.3 ಮಿಲಿಲೀಟರ್ ಸಿಟ್ರೇಟ್ ಇರುವ ಟ್ಯೂಬಿಗೆ 2.7 ಮಿಲಿಲೀಟರ್ ರಕ್ತ, 0.2 ಇರುವುದಕ್ಕೆ 1.8. ಟ್ಯೂಬಿನ ಮೇಲೆ ಗೆರೆ ಇರುತ್ತದೆ. ಗೆರೆಯವರೆಗೆ ರಕ್ತ ಬರಲೇಬೇಕು.

ಬಾರದಿದ್ದರೆ ಏನು? ಹೆಪ್ಪುಗಟ್ಟಲು ಕ್ಯಾಲ್ಸಿಯಂ ಬೇಕು, ಸಿಟ್ರೇಟ್ ಆ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಲ್ಯಾಬಿನಲ್ಲಿ ಪರೀಕ್ಷೆ ಮಾಡುವಾಗ ಹೊಸದಾಗಿ ಕ್ಯಾಲ್ಸಿಯಂ ಸೇರಿಸಿ ಎಷ್ಟು ಸೆಕೆಂಡಿನಲ್ಲಿ ಹೆಪ್ಪಾಗುತ್ತದೆಂದು ನೋಡುತ್ತಾರೆ. ರಕ್ತ ಕಡಿಮೆ ಇದ್ದರೆ ಮಿಕ್ಕ ಸಿಟ್ರೇಟ್ ಆ ಹೊಸ ಕ್ಯಾಲ್ಸಿಯಂ ಅನ್ನೂ ನುಂಗುತ್ತದೆ, ಹೆಪ್ಪಾಗಲು ತಡವಾಗುತ್ತದೆ, ಐ.ಎನ್.ಆರ್. ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ವರದಿ ನೋಡಿದ ಡಾಕ್ಟರು ಮಾತ್ರೆ ಕಡಿಮೆ ಮಾಡುತ್ತಾರೆ. ನಿಜವಾದ ಐ.ಎನ್.ಆರ್. ಮೊದಲೇ ಕೆಳಗಿದ್ದರೆ ಇನ್ನೂ ಕೆಳಗಿಳಿಯುತ್ತದೆ, ಕವಾಟದಲ್ಲಿ ಹೆಪ್ಪು ಕೂರುವ ಅಪಾಯ ಬರುತ್ತದೆ. ಅರ್ಧ ಮಿಲಿಲೀಟರ್ ರಕ್ತದ ಕೊರತೆ ಇಷ್ಟು ದೂರ ಹೋಗಬಲ್ಲದು.

ಆದ್ದರಿಂದ ಲ್ಯಾಬಿನಿಂದ ಕರೆ ಬಂದು ‘ಸ್ಯಾಂಪಲ್ ಕಡಿಮೆ ಉಂಟು, ಇನ್ನೊಮ್ಮೆ ತೆಗೆಯಬೇಕು’ ಎಂದಾಗ ಸಿಟ್ಟು ಬರುವುದು ಸಹಜವಾದರೂ, ಆ ಕರೆ ಮಾಡಿದವರಿಗೆ ನಿಜವಾಗಿ ಕೈ ಮುಗಿಯಬೇಕು. ಅವರಿಗೆ ಸುಲಭದ ದಾರಿ ಇತ್ತು. ಇದ್ದಷ್ಟನ್ನೇ ಯಂತ್ರಕ್ಕೆ ಹಾಕಿದರೆ ಯಂತ್ರ ಏನಾದರೊಂದು ಸಂಖ್ಯೆ ಕೊಟ್ಟೇ ಕೊಡುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ‘ಎಂತ ಸಿಸ್ಟರ್, ಪುನಃ ಚುಚ್ಚುವುದಾ?’ ಎಂಬ ಬೈಗುಳ ಕೇಳಲು ತಯಾರಾಗಿ ಅವರು ಫೋನು ಎತ್ತಿದ್ದಾರೆ. ಟ್ಯೂಬಿನೊಳಗೆ ಸಣ್ಣ ಹೆಪ್ಪು ಕಂಡರೂ ಹೀಗೇ, ಸ್ಯಾಂಪಲ್ ತಿರಸ್ಕರಿಸಲೇಬೇಕು. ತೆಗೆದ ಕೂಡಲೇ ಟ್ಯೂಬನ್ನು ಮೂರು ನಾಲ್ಕು ಸಲ ಮೆಲ್ಲಗೆ ಮಗುಚಿ ಹಿಡಿಯುವುದು ಅದು ಆಗದಿರಲೆಂದು. ಕುಲುಕಿದರೆ ರಕ್ತಕಣ ಒಡೆಯುತ್ತದೆ, ಸುಮ್ಮನೆ ಇಟ್ಟರೆ ಸಿಟ್ರೇಟ್ ಬೆರೆಯುವುದಿಲ್ಲ.

ಬೇರೆ ಬಣ್ಣದ ಟ್ಯೂಬುಗಳೂ ಇದ್ದರೆ ನೀಲಿಯದು ಮೊದಲು, ಕೆಂಪು ಅಥವಾ ಹಳದಿ ಆಮೇಲೆ, ನೇರಳೆ ಇನ್ನೂ ಆಮೇಲೆ. ನೇರಳೆ ಮುಚ್ಚಳದ ಟ್ಯೂಬಿನ ರಾಸಾಯನಿಕದ ಹನಿ ನೀಲಿಗೆ ಬಿದ್ದರೆ ಲೆಕ್ಕ ಕೆಡುತ್ತದೆ. ಸಣ್ಣ ನರದವರಿಗೆ ಬಳಸುವ ಚಿಟ್ಟೆ ಸೂಜಿಯ ಉದ್ದದ ನಳಿಕೆಯಲ್ಲಿ ಗಾಳಿ ಇರುತ್ತದೆ, ಅದು ಟ್ಯೂಬಿಗೆ ಹೋದಷ್ಟು ರಕ್ತ ಕಡಿಮೆ. ಹಾಗಾಗಿ ಮೊದಲು ಒಂದು ಟ್ಯೂಬಿಗೆ ಸ್ವಲ್ಪ ಬಿಟ್ಟು ಅದನ್ನು ಬಿಸಾಡುತ್ತಾರೆ. ‘ರಕ್ತ ಸುಮ್ಮನೆ ದಂಡ ಮಾಡಿದ್ರು’ ಎಂದು ಹೊರಗೆ ಬಂದು ಗೊಣಗುವವರಿಗೆ ಇದು ತಿಳಿದಿದ್ದರೆ ಒಳ್ಳೆಯದಿತ್ತು. ಕೈಗೆ ಕಟ್ಟುವ ಪಟ್ಟಿ ಒಂದು ನಿಮಿಷಕ್ಕಿಂತ ಹೆಚ್ಚು ಇರಬಾರದು. ಎರಡು ಸಲ ಪ್ರಯತ್ನಿಸಿ ನರ ಸಿಗದಿದ್ದರೆ ‘ನನ್ನಿಂದ ಆಗಲಿಲ್ಲ, ಸೀನಿಯರ್ ಸಿಸ್ಟರನ್ನು ಕರೀತೇನೆ’ ಎನ್ನುವ ಹುಡುಗಿ ತನ್ನ ಕೆಲಸ ಬಲ್ಲವಳು. ಮೂರನೆಯ, ನಾಲ್ಕನೆಯ ಚುಚ್ಚಿಗೆ ಹೋಗುವವರ ಬಗ್ಗೆ ನನಗೆ ಅಂಥ ಗೌರವವಿಲ್ಲ.

ಸೂಜಿ ತೆಗೆದ ಮೇಲೆ ಹತ್ತಿ ಇಟ್ಟು ಕೈ ನೇರ ಚಾಚಿ, ಕನಿಷ್ಠ ಐದು ನಿಮಿಷ ಒತ್ತಿ ಹಿಡಿಯಬೇಕು. ಮೊಣಕೈ ಮಡಚಿದರೆ ಒತ್ತಡ ಸರಿಯಾಗಿ ಬೀಳುವುದಿಲ್ಲ, ಚರ್ಮದಡಿ ರಕ್ತ ಜಿನುಗಿ ಮರುದಿನ ಕೈ ನೀಲಿಗಟ್ಟುತ್ತದೆ. ಮಾತ್ರೆಯವರಿಗೆ ಎರಡು ನಿಮಿಷ ಸಾಲದು.

ಸಿಸ್ಟರ್ ಮೇಜಿನಲ್ಲಿ ಬಿ.ಪಿ., ನಾಡಿ, ತೂಕ. ಬಸ್ಸಿಳಿದು ಮೆಟ್ಟಿಲು ಹತ್ತಿ ಬಂದ ಉಸಿರಿನಲ್ಲೇ ಬಿ.ಪಿ. ನೋಡಿದರೆ ಹೆಚ್ಚು ಬರುತ್ತದೆ. ಐದು ನಿಮಿಷ ಬೆನ್ನು ಒರಗಿಸಿ ಕೂತು, ಪಾದ ನೆಲಕ್ಕೆ ಊರಿ, ಕೈ ಎದೆಯ ಮಟ್ಟಕ್ಕೆ ಇಟ್ಟು, ಮಾತಾಡದೆ ನೋಡಿಸಿಕೊಳ್ಳಬೇಕು. ಮೂತ್ರಕ್ಕೆ ಅವಸರವಾಗಿದ್ದರೆ ಹೋಗಿ ಬಂದು ಕೂರಬೇಕು. ಅದಕ್ಕೆ ಮೊದಲಿನ ಅರ್ಧ ಗಂಟೆ ಕಾಫಿ, ಚಾ, ಬೀಡಿ ಬೇಡ. ದಪ್ಪ ಕೈಗೆ ಸಣ್ಣ ಪಟ್ಟಿ ಕಟ್ಟಿದರೂ ಹೆಚ್ಚು ತೋರಿಸುತ್ತದೆ. ಎದ್ದು ಹೋಗಿ ದೊಡ್ಡ ಪಟ್ಟಿ ಹುಡುಕಿ ತರುವ ಸಿಸ್ಟರು ನಿಮಗೆ ಬೇಡದ ಒಂದು ಬಿ.ಪಿ. ಮಾತ್ರೆ ತಪ್ಪಿಸಿರಬಹುದು. ತೂಕ ಚಪ್ಪಲಿ ಕಳಚಿ, ಸಾಧ್ಯವಾದರೆ ಪ್ರತಿ ಸಲ ಒಂದೇ ತಕ್ಕಡಿಯಲ್ಲಿ. ಹೃದಯ ದುರ್ಬಲವಿದ್ದವರಿಗೆ ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಊಟದ್ದಲ್ಲ, ನೀರು ನಿಲ್ಲುತ್ತಿದೆ ಎಂದು. ಅಂಥವರು ಮುಂದಿನ ತಾರೀಕಿಗೆ ಕಾಯದೆ ಅವತ್ತೇ ಫೋನು ಮಾಡಬೇಕು.

ಆಮೇಲೆ ಪ್ರಶ್ನೆಗಳು. ಹಲ್ಲುಜ್ಜುವಾಗ ರಕ್ತ ಬರುತ್ತದಾ? ಮಲ ಟಾರಿನ ಹಾಗೆ ಕಪ್ಪಾಗಿದೆಯಾ? ಮೂತ್ರದ ಬಣ್ಣ? ತಾಗದೇ ಇದ್ದರೂ ಮೈಮೇಲೆ ನೀಲಿ ಕಲೆ? ಕವಾಟದ ಟಿಕ್ ಟಿಕ್ ಸದ್ದು ಮೊದಲಿನ ಹಾಗೇ ಇದೆಯಾ? ಈ ಕೊನೆಯ ಪ್ರಶ್ನೆಗೆ ಉತ್ತರ ಗೊತ್ತಿರುವುದು ಹೆಚ್ಚಾಗಿ ಪಕ್ಕದಲ್ಲಿ ಮಲಗುವ ಗಂಡನಿಗೋ ಹೆಂಡತಿಗೋ. ಸದ್ದು ಮಂದವಾದರೆ ಕವಾಟದ ಮೇಲೆ ಹೆಪ್ಪು ಕೂತಿರಬಹುದು, ತಕ್ಷಣ ಹೇಳಬೇಕು. ಇನ್ನೊಂದು ಪ್ರಶ್ನೆಯನ್ನು ಒಳ್ಳೆಯ ಸಿಸ್ಟರು ಬದಿಗೆ ಕರೆದು ಮೆಲ್ಲಗೆ ಕೇಳುತ್ತಾರೆ: ಮುಟ್ಟಿನ ಸ್ರಾವ ಹೆಚ್ಚಾಗಿದೆಯಾ, ಎಷ್ಟು ದಿನ ಇರುತ್ತದೆ. ಗಂಡು ಡಾಕ್ಟರ ಎದುರು, ಅತ್ತೆಯ ಎದುರು, ‘ಎಂತದ್ದೂ ಇಲ್ಲ’ ಎಂದವರು ಇಲ್ಲಿ ಬಾಯಿ ಬಿಡುತ್ತಾರೆ. ಮಗು ಬೇಕೆಂದಿದ್ದರೆ ಅದನ್ನೂ ಗರ್ಭ ನಿಲ್ಲುವ ಮೊದಲೇ ಹೇಳಬೇಕು, ಯಾಕೆಂದರೆ ವಾರ್ಫರಿನ್ ಮೊದಲ ತಿಂಗಳುಗಳಲ್ಲಿ ಭ್ರೂಣಕ್ಕೆ ಹಾನಿ ಮಾಡಬಲ್ಲದು. ಹಾಗೆಂದು ತಾವಾಗಿ ಮಾತ್ರೆ ಬಿಟ್ಟರೆ ತಾಯಿಯ ಕವಾಟಕ್ಕೇ ಅಪಾಯ. ಎರಡನ್ನೂ ತೂಗಿ ದಾರಿ ಹೇಳಬೇಕಾದವರು ಹೃದಯದ ಡಾಕ್ಟರೂ ಹೆರಿಗೆ ಡಾಕ್ಟರೂ ಸೇರಿ.

ಇಷ್ಟೆಲ್ಲ ಕೇಳಬೇಕಾದರೆ ಭಾಷೆ ಬೇಕು. ಮಂಗಳೂರಿನಲ್ಲಿ ವೆನ್ಲಾಕ್ 1848ರಿಂದ ಇದೆ, ಕಂಕನಾಡಿಯ ಫಾದರ್ ಮುಲ್ಲರ್ ಸಂಸ್ಥೆ ಶುರುವಾದದ್ದು 1880ರಲ್ಲಿ, ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು 1953ರಲ್ಲಿ. ಇಲ್ಲಿನ ನರ್ಸಿಂಗ್ ಕಾಲೇಜುಗಳಿಗೆ ಕೇರಳದಿಂದ ಓದಲು ಬಂದು ಇಲ್ಲೇ ಕೆಲಸಕ್ಕೆ ನಿಂತವರು ಕಡಿಮೆಯಿಲ್ಲ. ಒಂದೇ ಸಾಲಿನಲ್ಲಿ ತುಳು, ಕೊಂಕಣಿ, ಬ್ಯಾರಿ, ಕುಂದಾಪ್ರ ಕನ್ನಡ, ಮಲಯಾಳ ಮಾತಾಡುವವರು ಕೂತಿರುತ್ತಾರೆ. ‘ಈರೆನ ಪುದರ್ ಪನ್ಲೆ’ (ನಿಮ್ಮ ಹೆಸರು ಹೇಳಿ) ಎಂದು ಕೇಳುವಷ್ಟು ತುಳು ಕಲಿತ ಕೊಟ್ಟಾಯಂ ಕಡೆಯ ಸಿಸ್ಟರಿಗೆ ಅಜ್ಜಿ ಹೇಳುವ ವಿಷಯ ಫೈಲಿನಲ್ಲಿ ಎಲ್ಲೂ ಸಿಗದು. ಮಲ ಕಪ್ಪಗಾಗಿದೆ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಲು ಯಾರಿಗೆ ಬರುತ್ತದೆ?

ಐ.ಎನ್.ಆರ್. ಏರಿಳಿಯುವುದಕ್ಕೆ ಕಾರಣ ಹುಡುಕುವಾಗ ಊರಿನ ಪಂಚಾಂಗ ಗೊತ್ತಿದ್ದವರು ಗೆಲ್ಲುತ್ತಾರೆ. ಮಳೆಗಾಲದ ಆಟಿ ತಿಂಗಳು ಬಂತೆಂದರೆ ಪತ್ರೊಡೆ, ತಜಂಕ್ (ತಗಟೆ ಸೊಪ್ಪು) ಪಲ್ಯ, ತಿಮರೆ (ಒಂದೆಲಗ) ಚಟ್ನಿ. ವರ್ಷವಿಡೀ ಬಸಳೆ, ಹರಿವೆ, ನುಗ್ಗೆ ಸೊಪ್ಪು. ಹಸಿರು ಸೊಪ್ಪಿನಲ್ಲಿ ವಿಟಮಿನ್ ಕೆ ಹೆಚ್ಚು. ವಾರಕ್ಕೊಮ್ಮೆ ಸೊಪ್ಪು ತಿನ್ನುತ್ತಿದ್ದವರು ದಿನಾ ತಿನ್ನತೊಡಗಿದರೆ ಐ.ಎನ್.ಆರ್. ಇಳಿಯುತ್ತದೆ. ಸೊಪ್ಪು ಬಿಡಬೇಕಾಗಿಲ್ಲ. ‘ಬಸಳೆ ಮುಟ್ಟಬೇಡಿ’ ಎಂದು ಹೆದರಿಸುವುದು ಹಳೆಯ ಅಭ್ಯಾಸ, ಅದರಿಂದ ಲಾಭಕ್ಕಿಂತ ತೊಂದರೆ ಹೆಚ್ಚು: ಪೂರ್ತಿ ಬಿಟ್ಟವರು ಒಂದು ದಿನ ನೆಂಟರ ಮನೆಯಲ್ಲಿ ಬಸಳೆ ಸಿಗಡಿ ಗಸಿ ಉಂಡರೆ ಸಂಖ್ಯೆ ತಟ್ಟನೆ ಬದಲಾಗುತ್ತದೆ. ಪ್ರತಿ ವಾರ ಹೆಚ್ಚು ಕಡಿಮೆ ಒಂದೇ ಪ್ರಮಾಣ ತಿಂದರೆ ಮಾತ್ರೆಯನ್ನು ಅದಕ್ಕೆ ಹೊಂದಿಸಬಹುದು. ಇದಕ್ಕೆ ತಿರುಗಾದದ್ದು ಜ್ವರದ ಗಂಜಿ. ಜ್ವರವೋ ಭೇದಿಯೋ ಬಂದು ನಾಲ್ಕು ದಿನ ಗಂಜಿ ತಿಳಿ ಮಾತ್ರ ಕುಡಿದವರ ಐ.ಎನ್.ಆರ್. ಏರುತ್ತದೆ. ಜ್ವರಕ್ಕೆಂದು ಹತ್ತಿರದ ಕ್ಲಿನಿಕ್ಕಿನಲ್ಲಿ ಆಂಟಿಬಯಾಟಿಕ್ ಕೊಟ್ಟಿದ್ದರೆ ಇನ್ನಷ್ಟು. ಮೆಟ್ರೋನಿಡಜೋಲ್, ಕೊಟ್ರೈಮೊಕ್ಸಜೋಲ್, ಬಿಳಿ ಮುಟ್ಟಿಗೋ ಹುಳುಕಡ್ಡಿಗೋ ಕೊಡುವ ಫ್ಲುಕೊನಜೋಲ್, ಇವು ಚೆನ್ನಾಗಿ ಏರಿಸುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇಳಿಸುತ್ತದೆ.

ಮಳೆಗಾಲದಲ್ಲಿ ಡೆಂಗ್ಯೂ ಬಂದರೆ ಪ್ಲೇಟ್‌ಲೆಟ್ ಇಳಿಯುತ್ತದೆ, ಮಾತ್ರೆ ಬೇರೆ ರಕ್ತ ತೆಳು ಮಾಡಿರುತ್ತದೆ. ಹಾಗಾಗಿ ಕವಾಟದವರಿಗೆ ಜ್ವರ ಬಂದರೆ ‘ಎರಡು ದಿನ ನೋಡುವ’ ಎಂಬುದಿಲ್ಲ. ಮೈಕೈ ನೋವಿಗೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ಬೇಡ, ಅವು ಹೊಟ್ಟೆಯಲ್ಲಿ ರಕ್ತಸ್ರಾವ ಮಾಡಿಸುತ್ತವೆ. ಸೊಂಟಕ್ಕೆ ನೋವಿನ ಇಂಜೆಕ್ಷನ್ ಚುಚ್ಚಿಸಿಕೊಂಡರೆ ಅಲ್ಲೇ ಸ್ನಾಯುವಿನೊಳಗೆ ರಕ್ತ ಗಡ್ಡೆ ಕಟ್ಟಬಹುದು. ಆಟಿ ಅಮಾವಾಸ್ಯೆಯ ಪಾಲೆ ಮರದ ತೊಗಟೆಯ ಕಷಾಯವಿರಲಿ, ಗಂಟು ನೋವಿನ ಹಳ್ಳಿಮದ್ದಿರಲಿ, ಸಂಜೆಯ ಎರಡು ಪೆಗ್ಗಿರಲಿ, ಹೇಳಿದರೆ ಯಾರೂ ನಗುವುದಿಲ್ಲ. ಹೇಳದಿದ್ದರೆ ಡಾಕ್ಟರು ಮಾತ್ರೆಯನ್ನು ಕಾರಣವಿಲ್ಲದೆ ಬದಲಿಸುತ್ತಾರೆ, ಮುಂದಿನ ಸಲ ಇನ್ನೊಂದು ಕಡೆಗೆ ವಾಲುತ್ತದೆ.

ಡೋಸು ಬದಲಿಸುವುದು ವಾರದ ಒಟ್ಟು ಲೆಕ್ಕದಲ್ಲಿ. ಸೋಮ, ಬುಧ, ಶುಕ್ರ 2 ಮಿಲಿಗ್ರಾಂ, ಉಳಿದ ನಾಲ್ಕು ದಿನ 3 ಮಿಲಿಗ್ರಾಂ ಎಂದರೆ ವಾರಕ್ಕೆ 18. ಸ್ವಲ್ಪ ಹೆಚ್ಚಿಸಬೇಕಾದರೆ ಅದನ್ನು 19ಕ್ಕೋ 20ಕ್ಕೋ ಏರಿಸುತ್ತಾರೆ, ಎಂದರೆ ಒಂದೆರಡು ದಿನ 2ರ ಬದಲು 3. ಕಾಗದದ ಮೇಲೆ ಸುಲಭ. ಮನೆಗೆ ಹೋದ ಮೇಲೆ ಸೋಮವಾರ ಯಾವುದು ಎಂಬಲ್ಲಿಗೆ ಗೊಂದಲ ಶುರು. ಮಾತ್ರೆಗಳು ಸಣ್ಣವು, ಸ್ಟ್ರಿಪ್ಪುಗಳು ಒಂದರಂತೆ ಒಂದು. ಅಸಿನೊಕೌಮರಾಲ್ 1, 2, 3, 4 ಮಿಲಿಗ್ರಾಮಿನಲ್ಲಿ ಬರುತ್ತದೆ. ಇಲ್ಲಿಯೇ ಔಷಧಿ ಕೌಂಟರಿನವರ ಬೆಲೆ ಗೊತ್ತಾಗುವುದು. ‘ಹಳೆಯ ಸ್ಟ್ರಿಪ್ ತೋರಿಸಿ’ ಎಂದು ಕೇಳಿ, ‘ಇದು 2, ನಿಮ್ಮ ಹತ್ತಿರ ಇರುವುದು 1, ಎರಡನ್ನೂ ಒಂದೇ ಡಬ್ಬದಲ್ಲಿ ಹಾಕಬೇಡಿ’ ಎಂದು ಸ್ಟ್ರಿಪ್ಪಿನ ಹಿಂದೆ ಪೆನ್ನಿನಲ್ಲಿ ಬರೆದುಕೊಡುವವರಿದ್ದಾರೆ. ಸ್ಟಾಕಿಲ್ಲ ಎಂದು ವಾರ್ಫರಿನ್ ಬದಲು ಅಸಿನೊಕೌಮರಾಲ್ ಕೊಡುವುದು ಮಾತ್ರ ದೊಡ್ಡ ತಪ್ಪು. ಎರಡೂ ಒಂದೇ ಜಾತಿಯ ಔಷಧಿಯಾದರೂ ಮಿಲಿಗ್ರಾಂ ಲೆಕ್ಕ ಬೇರೆ. ವಾರ್ಫರಿನ್ ಮೈಯಲ್ಲಿ ಅರ್ಧಕ್ಕಿಳಿಯಲು ಸುಮಾರು 40 ಗಂಟೆ ಬೇಕಾದರೆ ಅಸಿನೊಕೌಮರಾಲ್‌ಗೆ ಹತ್ತು ಗಂಟೆಯ ಆಸುಪಾಸು. ಪಕ್ಕದ ಮನೆಯವರು ತಿನ್ನುವ, ರಕ್ತಪರೀಕ್ಷೆ ಬೇಡದ ಹೊಸ ಮಾತ್ರೆಗಳೂ ಲೋಹದ ಕವಾಟದವರಿಗೆ ಆಗುವುದಿಲ್ಲ. ಅಂಥವರಲ್ಲಿ ಅವುಗಳ ಪ್ರಯೋಗ ನಡೆದು, ಅಪಾಯವೆಂದು ನಿಲ್ಲಿಸಿಯಾಗಿದೆ.

ಕೊನೆಯಲ್ಲಿ ಸಿಸ್ಟರು ಕೇಳುತ್ತಾರೆ, ‘ಈಗ ನೀವು ಹೇಳಿ, ಸೋಮವಾರ ಎಷ್ಟು ತಿನ್ನುವುದು? ಮಂಗಳವಾರ?’ ಶಾಲೆಯ ಮಕ್ಕಳ ಹಾಗೆ ಒಪ್ಪಿಸಬೇಕಲ್ಲ ಎಂದು ಕೆಲವರಿಗೆ ಮುಜುಗರ. ಅರ್ಥವಾಯಿತಾ ಎಂದು ಕೇಳಿದರೆ ಎಲ್ಲರೂ ಆಯಿತು ಎನ್ನುತ್ತಾರೆ. ಬಾಯಲ್ಲಿ ಹೇಳಿಸಿದಾಗ ಮಾತ್ರ ಯಾರಿಗೆ ಎಲ್ಲಿ ತಪ್ಪಿತೆಂದು ಕಾಣುತ್ತದೆ. ಮಾತ್ರೆ ಸಂಜೆ ತಿನ್ನಲು ಹೇಳುವುದಕ್ಕೂ ಕಾರಣ ಇದೆ: ಮಧ್ಯಾಹ್ನ ವರದಿ ಬಂದು ಡೋಸು ಬದಲಾದರೆ ಅವತ್ತೇ ರಾತ್ರಿಯಿಂದ ಜಾರಿ. ಒಂದು ಡೋಸು ಮರೆತು ಅದೇ ದಿನ ನೆನಪಾದರೆ ತಿನ್ನಬಹುದು. ಮರುದಿನ ನೆನಪಾದರೆ ಅದನ್ನು ಬಿಟ್ಟು, ಪುಸ್ತಕದಲ್ಲಿ ಬರೆದಿಡಬೇಕು. ಎರಡನ್ನು ಒಟ್ಟಿಗೆ ನುಂಗಬಾರದು. ಮರೆತದ್ದನ್ನು ಬರೆಯದಿದ್ದರೆ ಇಳಿದ ಸಂಖ್ಯೆಗೆ ಕಾರಣ ಸಿಗದೆ ಡೋಸು ಹೆಚ್ಚಾಗುತ್ತದೆ.

ಕೆಲವು ಸಲ ವರದಿ ಬರುವಷ್ಟರಲ್ಲಿ ರೋಗಿ ಬಸ್ಸಿನಲ್ಲಿ ಮೂಲ್ಕಿ ದಾಟಿರುತ್ತಾರೆ. ಐ.ಎನ್.ಆರ್. 6 ಬಂದಿದೆ ಎನ್ನಿ. ಲ್ಯಾಬಿನವರು ಮೊದಲು ಟ್ಯೂಬು ನೋಡುತ್ತಾರೆ, ರಕ್ತ ಗೆರೆಯವರೆಗಿದೆಯೇ, ಹೆಪ್ಪಿದೆಯೇ. ಮತ್ತೊಮ್ಮೆ ಯಂತ್ರಕ್ಕೆ ಹಾಕುತ್ತಾರೆ. ಅದೇ ಸಂಖ್ಯೆ ಬಂದರೆ ವರದಿ ಪ್ರಿಂಟಾಗುವುದನ್ನು ಕಾಯದೆ ಓ.ಪಿ.ಡಿ.ಗೆ ಫೋನು. ಆ ಕಡೆಯವರು ಹೆಸರು, ಆಸ್ಪತ್ರೆ ನಂಬರು, ಸಂಖ್ಯೆ ಮೂರನ್ನೂ ಬರೆದುಕೊಂಡು ವಾಪಸು ಓದಿ ಹೇಳಬೇಕು, ಹೇಳಿದವರು ಹೌದೆನ್ನಬೇಕು, ಹೊತ್ತು ದಾಖಲಾಗಬೇಕು. ಆಮೇಲೆ ರೋಗಿಗೆ ಕರೆ: ಇವತ್ತಿನ ಮಾತ್ರೆ ಬೇಡ, ರಕ್ತ ಎಲ್ಲಾದರೂ ಬರುತ್ತಿದೆಯಾ, ಇಂಥ ದಿನ ಪುನಃ ಬನ್ನಿ. ರಕ್ತಸ್ರಾವ ಇಲ್ಲದಿದ್ದರೆ ಸಾಮಾನ್ಯವಾಗಿ ಒಂದೆರಡು ಡೋಸು ನಿಲ್ಲಿಸಿ ಮತ್ತೆ ಪರೀಕ್ಷೆ, ಇದ್ದರೆ ಅಲ್ಲಿಂದಲೇ ಹಿಂದೆ ತಿರುಗಬೇಕು. ಈ ಸರಪಳಿಯಲ್ಲಿ ಎಲ್ಲರೂ ಸರಿಯಾಗಿ ಕೆಲಸ ಮಾಡಿದರೂ ಹಾಳಾಗುವ ಒಂದು ಕೊಂಡಿ ಉಂಟು: ಫೈಲಿನಲ್ಲಿರುವ ಮೊಬೈಲ್ ನಂಬರು ಮುಂಬೈಗೆ ಹೋದ ಮಗನದ್ದು, ಅದೂ ಹಳೆಯದು. ಪ್ರತಿ ರಿವ್ಯೂನಲ್ಲಿ ‘ನಂಬರು ಇದೇನಾ’ ಎಂದು ಕೇಳುವ ಕೌಂಟರಿನ ಹುಡುಗನಿಗೆ ಸರಿಯಾದ ನಂಬರು ಕೊಡಬೇಕು, ಮನೆಯಲ್ಲಿರುವವರ ಇನ್ನೊಂದು ನಂಬರನ್ನೂ ಸೇರಿಸಬೇಕು.

ಹಲ್ಲು ಕೀಳಿಸಬೇಕಾದರೆ ದಂತವೈದ್ಯರಿಗೆ ಕವಾಟದ ವಿಷಯ ಮೊದಲೇ ತಿಳಿಸಬೇಕು. ಐ.ಎನ್.ಆರ್. ಗುರಿಯೊಳಗಿದ್ದರೆ ಮಾತ್ರೆ ನಿಲ್ಲಿಸದೆಯೇ ಒಂದೆರಡು ಹಲ್ಲು ಕೀಳುವುದು ಸಾಮಾನ್ಯ. ಕವಾಟಕ್ಕೆ ಸೋಂಕು ತಗಲದಂತೆ ಅರ್ಧದಿಂದ ಒಂದು ಗಂಟೆ ಮೊದಲು ಅಮಾಕ್ಸಿಸಿಲಿನ್ 2 ಗ್ರಾಂ ಕೊಡುತ್ತಾರೆ, ಪೆನಿಸಿಲಿನ್ ಅಲರ್ಜಿ ಇದ್ದವರಿಗೆ ಬೇರೆ.

ಇವರಿಗೆಲ್ಲ ಕೃತಜ್ಞತೆ ತೋರಿಸುವುದು ಹೇಗೆ ಎಂದು ಕೇಳುವವರಿದ್ದಾರೆ. ಸ್ವೀಟ್ ಬಾಕ್ಸು ಒಳ್ಳೆಯದೇ, ಹೆಚ್ಚಿನ ಕಡೆ ತೆಗೆದುಕೊಳ್ಳಲು ಅವರಿಗೆ ಮುಜುಗರ, ಕೆಲವು ಕಡೆ ನಿಯಮವೇ ಬಿಡುವುದಿಲ್ಲ. ಅದಕ್ಕಿಂತ ಒಂದು ಚೀಟಿ ಹೆಚ್ಚು ಕೆಲಸಕ್ಕೆ ಬರುತ್ತದೆ. ‘ಎಲ್ಲರೂ ಚೆನ್ನಾಗಿ ನೋಡಿಕೊಂಡರು’ ಎಂದು ಬರೆದರೆ ಅದು ಯಾರಿಗೂ ಸೇರುವುದಿಲ್ಲ. ಎದೆಯ ಮೇಲಿನ ಬ್ಯಾಡ್ಜಿನಿಂದ ಹೆಸರು ನೋಡಿಕೊಂಡು, ತಾರೀಕು ಹಾಕಿ, ಮಾಡಿದ ಕೆಲಸ ಬರೆಯಬೇಕು: ಇಂಥ ಸಿಸ್ಟರು ಟ್ಯೂಬಿನ ಲೇಬಲ್ ನನಗೆ ತೋರಿಸಿ ಅಂಟಿಸಿದರು, ಇಂಥವರು ಹಳೆಯ ಸ್ಟ್ರಿಪ್ ನೋಡಿ ಡೋಸಿನ ವ್ಯತ್ಯಾಸ ಹಿಡಿದರು. ಅಭಿಪ್ರಾಯದ ಪೆಟ್ಟಿಗೆಯಲ್ಲಿ ದೂರುಗಳೇ ತುಂಬಿರುವಾಗ ಇಂಥ ಚೀಟಿ ನರ್ಸಿಂಗ್ ಸೂಪರಿಂಟೆಂಡೆಂಟರ ಮೇಜಿಗೆ ಹೋಗುತ್ತದೆ. ನಿಧಾನ ಮಾಡುತ್ತಾಳೆ ಎಂದು ಬೈಸಿಕೊಂಡ ಹುಡುಗಿ ಯಾಕೆ ನಿಧಾನ ಮಾಡಿದಳು ಎಂಬುದಕ್ಕೆ ಅದೊಂದೇ ಸಾಕ್ಷಿ ಆಗಿರಬಹುದು.

ಹೊರಡುವ ಮೊದಲು ಮುಂದಿನ ತಾರೀಕು. ಸಂಖ್ಯೆ ಗುರಿಯಲ್ಲಿ ನಿಂತಿದ್ದರೆ ನಾಲ್ಕು ವಾರ, ಡೋಸು ಬದಲಾಗಿದ್ದರೆ ಒಂದೆರಡು ವಾರ. ಬದಲಾದ ಡೋಸಿನ ಪರಿಣಾಮ ಕಾಣಲು ಎರಡು ಮೂರು ದಿನ ಬೇಕು, ಪೂರ್ತಿ ನೆಲೆಯಾಗಲು ಇನ್ನೂ ಹೆಚ್ಚು, ಹಾಗಾಗಿ ನಾಳೆಯೇ ಬಂದು ನೋಡಿಸುವುದರಲ್ಲಿ ಅರ್ಥವಿಲ್ಲ. ಮಾತ್ರೆ ಆ ತಾರೀಕಿನಿಂದಾಚೆಗೆ ಇನ್ನೂ ಐದು ದಿನಕ್ಕೆ ಸಾಕಾಗುವಷ್ಟು ತೆಗೆದುಕೊಳ್ಳಬೇಕು, ಮಳೆಗಾಲದಲ್ಲಿ ಬಸ್ಸು ನಿಂತರೂ ಡೋಸು ನಿಲ್ಲಬಾರದು. ಕ್ಯಾಲೆಂಡರು ತಿರುವಿ ‘ಅವತ್ತು ಚೌತಿ, ಓ.ಪಿ.ಡಿ. ಇಲ್ಲ, ಹಿಂದಿನ ದಿನ ಬನ್ನಿ’ ಎಂದು ಸಿಸ್ಟರು ತಾರೀಕು ಹೊಡೆದು ತಿದ್ದಿದರೆ, ಪುಸ್ತಕದಲ್ಲೂ ಚೀಟಿಯಲ್ಲೂ ಒಂದೇ ತಾರೀಕು ಇದೆಯೇ ಎಂದು ಅಲ್ಲೇ ನೋಡಿಕೊಂಡು ಏಳಬೇಕು.